ಅಕ್ಕನ ಕೈಮಾತು

“ಆಯ್ತು, ಭಾನುವಾರ ಬಂದೇ ಬರ್ತೀನಿ,” ಎಂದು ತಂಗಿ ಕೈಯಲ್ಲಿ ಹೇಳಿದ್ದೇ ತಡ, ವಿಡಿಯೊ ಕರೆಯ ಪರದೆಯ ಮೇಲೆ ಅಕ್ಕ ಹಣೆ ಚಚ್ಚಿಕೊಂಡಳು.

“ಬರಬೇಡ ಅಂದೆ ಕಣೇ! ಮನೇಲಿ ಯಾರೂ ಇರಲ್ಲ. ಅದೇನು, ಬೆಳಗ್ಗೆ ಬೆಳಗ್ಗೆನೇ ಕುಡಿದು ಬಂದಿದೀಯಾ?”

ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಇಬ್ಬರ ಮಾತೆಲ್ಲ ಕೈಯಲ್ಲೇ. ಅಕ್ಕ ಕಸುಬಿನಲ್ಲಿ ದರ್ಜಿ; ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಗಂಟೆಗಟ್ಟಲೆ ಹರಟೆ ಹೊಡೆಯಬಲ್ಲ ದರ್ಜಿ ಊರಿಗೆಲ್ಲ ತಾನೊಬ್ಬಳೇ ಎಂದು ಅವಳ ಜಂಬ. ಅವರ ಮಾತಿನಲ್ಲಿ ‘ಬಾ’ ಎನ್ನುವುದಕ್ಕೂ ‘ಬರಬೇಡ’ ಎನ್ನುವುದಕ್ಕೂ ಇರುವ ವ್ಯತ್ಯಾಸ ತಲೆಯ ಒಂದು ಸಣ್ಣ ಅಲುಗಾಟ. ಸರಿಯಾಗಿ ಆ ಹೊತ್ತಿಗೇ ಚಿತ್ರ ಕಲ್ಲಿನಂತೆ ನಿಂತುಬಿಟ್ಟಿತ್ತು.

ತಂಗಿಯ ನಗು ಅರ್ಧಕ್ಕೇ ಉಳಿಯಿತು. ಅವಳಿದ್ದದ್ದು ಕಚೇರಿಯಲ್ಲಿ. ಅಲ್ಲಿ ಇಂಟರ್ನೆಟ್ ಹಂಚುವ ರೌಟರ್ ಪೆಟ್ಟಿಗೆಯಲ್ಲಿ ಅವಳೇ ತಿದ್ದಿದ ಕರ್ನಲ್ ಓಡುತ್ತಿತ್ತು. ಕರ್ನಲ್ ಅಂದರೆ ಯಂತ್ರದೊಳಗಿನ ಯಜಮಾನ. ಯಾವುದು ಮೊದಲು, ಯಾವುದು ಆಮೇಲೆ ಎಂಬುದೆಲ್ಲ ಅದರದೇ ತೀರ್ಮಾನ. ಬಂದ ಮಾಹಿತಿಯನ್ನು ಪೊಟ್ಟಣ ಪೊಟ್ಟಣವಾಗಿ ಸಾಲು ನಿಲ್ಲಿಸಿ ಮುಂದಕ್ಕೆ ಕಳಿಸುವುದೂ ಅದೇ. ಸಾಲು ತುಂಬಿದಾಗ ಪೊಟ್ಟಣಗಳು ಬಿದ್ದುಹೋಗುತ್ತವೆಂದು ಅವಳು ವರ್ಷವಿಡೀ ತಲೆ ಕೆಡಿಸಿಕೊಂಡು ಆ ಸಾಲನ್ನು ಉದ್ದ ಮಾಡಿದ್ದಳು. ಒಂದೂ ಬೀಳುತ್ತಿರಲಿಲ್ಲ. ವೇಗದ ಗ್ರಾಫ್ ಏರಿದ್ದೇ ಏರಿದ್ದು. ಮಧ್ಯಾಹ್ನದ ಸಭೆಯಲ್ಲಿ ಒಪ್ಪಿಗೆ ಬಿದ್ದರೆ ಅದು ಶಾಲೆ, ಆಸ್ಪತ್ರೆಗಳ ರೌಟರುಗಳಿಗೆಲ್ಲ ಹೋಗಲಿತ್ತು.

ಈಗ ಪರೀಕ್ಷೆಗೆಂದು ಹರಿಯಬಿಟ್ಟಿದ್ದ ದೊಡ್ಡ ದೊಡ್ಡ ಕಡತಗಳ ಹಿಂದೆ, ಹೇರು ಗಾಡಿಗಳ ಹಿಂದೆ ಸಿಕ್ಕಿಕೊಂಡ ಸೈಕಲ್ಲಿನಂತೆ, ಅಕ್ಕನ ಮಾತು ಆ ಉದ್ದ ಸಾಲಿನಲ್ಲಿ ಸರದಿ ಕಾಯುತ್ತಿತ್ತು.

ತಂಡದ ಹಿರಿಯರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಯಾರು ಬರೆದ ಕೋಡ್ ಆಗಲಿ, ಕೆಂಪು ಗೀಟು ಎಳೆಯದೆ ಬಿಟ್ಟವರಲ್ಲ. ಅವಳು ಹೋಗಿ ವಿಷಯ ಹೇಳಿ, ಈಗಲೇ ಎಲ್ಲೆಡೆ ಕಳಿಸುವುದು ಬೇಡ ಎಂದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಗ್ರಾಫ್ ಮುಗಿಲು ಮುಟ್ಟಿರೋವಾಗ ಬೇಡ ಅಂತೀಯಲ್ಲಮ್ಮ!”

“ನೀವೇ ಬಂದು ನಮ್ಮಕ್ಕನ ಜೊತೆ ಒಂದು ನಿಮಿಷ ಮಾತಾಡಿ ಮೇಷ್ಟ್ರೇ.”

ಮೇಷ್ಟ್ರು ಕುರ್ಚಿಯ ಅಂಚಿನಲ್ಲಿ ಕೂತು, ಏನು ಮಾಡುವುದೆಂದು ತೋಚದೆ ಪರದೆಯತ್ತ ಕೈಬೀಸಿದರು. ಅಕ್ಕ ಅವರನ್ನು ಮೇಲಿಂದ ಕೆಳಕ್ಕೆ ಅಳೆದು ನೋಡಿ ತನ್ನ ಕತ್ತಿನ ಬಳಿ ಮುಷ್ಟಿ ಹಿಡಿದಳು. ಚಿತ್ರ ಅಲ್ಲಿಗೇ ನಿಂತಿತು, ಹುಬ್ಬು ಗಂಟಿಕ್ಕಿದ ಮುಖದ ಸಮೇತ.

ಮೇಷ್ಟ್ರು ಹಿಂದೆ ಸರಿದರು. “ಕೊರಳಪಟ್ಟಿ ಹಿಡಿದು ಕೇಳ್ತೀನಿ ಅಂತಿದಾರೇನಮ್ಮ?”

ಚಿತ್ರ ಅಲುಗಾಡಿದ ಮೇಲೆ ತಂಗಿ ಇನ್ನೊಮ್ಮೆ ಕೇಳಿದಳು, ನಗು ತಡೆಯಲಾಗಲಿಲ್ಲ. “ಇಲ್ಲ ಮೇಷ್ಟ್ರೇ. ‘ಕಾಲರ್ ಸೊಟ್ಟಗಿದೆ, ಅಂಗಿ ಕಳಿಸಿ, ಸರಿಮಾಡಿ ಕೊಡ್ತೀನಿ’ ಅಂದ್ಲು.”

ಮೇಷ್ಟ್ರು ಕಾಲರ್ ಮುಟ್ಟಿ ನೋಡಿಕೊಂಡರು. ಅವರಿಗೆ ನಗು ಬರಲಿಲ್ಲ. “ಒಳ್ಳೇದಕ್ಕೆ ಹೇಳಿದ್ದು ನನಗೆ ಜಗಳದ ಥರ ಬಂತಲ್ಲ,” ಎಂದು ತಮ್ಮಷ್ಟಕ್ಕೇ ಅಂದುಕೊಂಡು ಎದ್ದರು. “ಸಭೆಗೆ ನಾನು ಹೇಳ್ಕೋತೀನಿ. ನೀನು ಕೆಲಸ ನೋಡು.”

ಆ ಸಭೆಯಲ್ಲಿ ಅವರಿಗೆ ಮೇಲಿನವರಿಂದ ಚೆನ್ನಾಗಿ ಮಂಗಳಾರತಿಯಾಯಿತೆಂದು ಅವಳಿಗೆ ತಿಳಿದದ್ದು ಬೇರೆಯವರ ಬಾಯಿಂದ.

ಅವಳು ಒಂದು ಉದ್ದನೆಯ ಸಾಲನ್ನು ಒಡೆದು ಹಲವು ಗಿಡ್ಡ ಸಾಲು ಮಾಡಿದಳು. ಹಗುರವಾಗಿ ಬಂದವರನ್ನು ಮೊದಲು ಬಿಡು ಎಂದು ಕರ್ನಲ್ಲಿಗೆ ಕಲಿಸಿದಳು. ಊಟದ ಹೊತ್ತಿಗೆ ಅಕ್ಕ ಅಂಗಡಿಯಿಂದ ಕರೆ ಮಾಡಿ ಪರೀಕ್ಷೆ ತೆಗೆದುಕೊಳ್ಳುತ್ತಿದ್ದಳು. “ನಿನ್ನೆಗಿಂತ ವಾಸಿ. ಆದ್ರೂ ತೊದಲ್ತಿದೀಯ.” ಭಾವ ಹಿಂದೆ ನಿಂತು ಊಟದ ತಟ್ಟೆ ತೋರಿಸಿ ಕರೆದರೂ ಅವಳು ಕದಲುತ್ತಿರಲಿಲ್ಲ. ಒಂದು ದಿನ ಅಕ್ಕ ಬೇಕೆಂದೇ ಸರಸರನೆ ಕೈಯಾಡಿಸಿ, ಉಸಿರು ಬಿಡದೆ, ಗಿರಾಕಿಯೊಬ್ಬಳ ಮೇಲಿನ ಸಿಟ್ಟನ್ನೆಲ್ಲ ಹೇಳಿ ಮುಗಿಸಿದಳು. ಒಂದು ಮಾತೂ ತಪ್ಪಲಿಲ್ಲ. ಗ್ರಾಫ್ ಅವಳು ಕೈಹಾಕುವ ಮೊದಲಿದ್ದದ್ದಕ್ಕಿಂತ ಮೇಲಿತ್ತು, ಆದರೆ ಮುಗಿಲನ್ನೇನೂ ಮುಟ್ಟಲಿಲ್ಲ.

ತಪ್ಪು ತೋರಿಸಿಕೊಟ್ಟವರ ಹೆಸರನ್ನು ತಿದ್ದುಪಡಿಯ ಕೆಳಗೆ ಬರೆಯುವುದು ಆ ಕೆಲಸದವರ ಪದ್ಧತಿ. ತಂಗಿ ಅಲ್ಲಿ ಅಕ್ಕನ ಹೆಸರು ಬರೆದು ತೋರಿಸಿದಳು.

ಅಕ್ಕ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಓದಿದಳು. “ನಾನೇನೇ ಮಾಡಿದೆ? ಬೈದೆ, ಅಷ್ಟೇ.”

“ಬೇರೆ ಯಾರೂ ಬೈಲಿಲ್ಲ ಅಕ್ಕಾ. ಎಲ್ಲರೂ ಚಪ್ಪಾಳೆ ತಟ್ಟಿದ್ರು.”

ಇನ್ನೂ ಹೇಳಬೇಕೆಂದಿತ್ತು. ಬಾಯಿಗೆ ಮಾತು ಬರುವ ಮೊದಲೇ ತನ್ನ ಕೈಗೆ ಮಾತು ಕೊಟ್ಟವಳು ಇವಳು. ತಂಗಿಯ ಕೈ ಎದೆಯವರೆಗೆ ಬಂದು ಅಲ್ಲೇ ಉಳಿಯಿತು.

“ಮತ್ತೆ ನಿಂತುಹೋಯ್ತಾ?” ಅಕ್ಕ ಪರದೆಯನ್ನು ತಟ್ಟಿದಳು.

“ಇಲ್ಲ. ನಾನೇ ನಿಂತೆ.”

ಅಕ್ಕ ಅರ್ಧ ಹೊಲಿದ ರವಿಕೆಯನ್ನು ಪಕ್ಕಕ್ಕೆ ಸರಿಸಿ, ಬಟ್ಟೆಗೆ ಅಂಟಿದ್ದ ದಾರದ ಎಳೆಗಳನ್ನು ಕೊಡವಿ, ಮಾತಾಡಲೆಂದು ಎರಡೂ ಕೈ ಮೇಲೆತ್ತಿದಳು.