ಐದನೆಯವಳಿಗಾಗಿ ಹದಿನೈದು ನಿಮಿಷ

ನಾನೊಂದು ಬ್ಯಾಸ್ಕೆಟ್‌ಬಾಲ್. ದೊಡ್ಡವರದ್ದಲ್ಲ, ಮಕ್ಕಳಾಡುವ ಐದನೇ ಸೈಜಿನದು. ಜಲಂಧರದ ಕಾರ್ಖಾನೆಯೊಂದರಲ್ಲಿ ಗಾಳಿಚೀಲಕ್ಕೆ ದಾರ ಸುತ್ತಿ, ರಬ್ಬರ್ ಹೊದಿಸಿ, ಬಿಸಿ ಅಚ್ಚಿಗೆ ಒತ್ತಿದಾಗ ಗಾಬರಿಯಲ್ಲೇ ಹುಟ್ಟಿದೆ. ಆ ಗಾಬರಿ ಅವತ್ತೇ ಇಳಿಯಿತು. ಮಂಡ್ಯದಲ್ಲಿ ಕಂಡದ್ದರ ಗಾಬರಿ ಮಾತ್ರ ಇನ್ನೂ ಇಳಿದಿಲ್ಲ.

ಅಲ್ಲಿನ ಬೆಳ್ಳಿಚುಕ್ಕಿ ಮಹಿಳಾ ಕ್ಲಬ್ಬಿಗೆ ನನ್ನನ್ನು ತಂದವರು ಕೋಚ್ ಜವರಪ್ಪ. ಬೆಳಗಿನ ಆರಕ್ಕೆ ಮಕ್ಕಳ ಬ್ಯಾಚು, ಹನ್ನೆರಡು ಹುಡುಗಿಯರು. ಹತ್ತು ವರ್ಷದ ಬಿಂದುಶ್ರೀ ನನ್ನನ್ನು ಬಿಟ್ಟು ಬೇರೆ ಚೆಂಡು ಮುಟ್ಟುತ್ತಿರಲಿಲ್ಲ. ಅವಳ ತಾಯಿ ರತ್ನಮ್ಮ ಆಸ್ಪತ್ರೆಯ ಆಯಾ. ರಾತ್ರಿ ಪಾಳಿ ಮುಗಿಸಿದವಳೇ ಮಗಳನ್ನು ಕರೆತಂದು ಕಟ್ಟೆಯ ಮೇಲೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ನಾನು ಉರುಳಿಹೋದರೆ ತೂಕಡಿಸುತ್ತಲೇ ಕಾಲಲ್ಲಿ ತಡೆಯುತ್ತಿದ್ದಳು.

ಆ ವರ್ಷ ಸೀನಿಯರ್ ತಂಡ ಜಿಲ್ಲಾ ಲೀಗ್ ಗೆದ್ದಿತು. ಮರುವಾರ ಜವರಪ್ಪ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು. ಸಿಹಿ ಹಂಚುತ್ತಾರೆಂದುಕೊಂಡೆ.

"ನಾಳೆಯಿಂದ ಬರ್ಬ್ಯಾಡಿ. ಬೆಳಗ್ಗೇನೂ ಸೀನಿಯರ್ಸ್‌ಗೇ ಕೋರ್ಟು ಬೇಕು."

ರತ್ನಮ್ಮನ ನಿದ್ದೆ ಹಾರಿಹೋಯಿತು. "ಅಲ್ಲ ಸಾ, ಮಕ್ಕಳು ಎಲ್ಲಿ ಕಲೀಬೇಕು?"

"ಮಕ್ಕಳಿಂದ ಕಪ್ ಬತ್ತದೇನಮ್ಮ?" ಎಂದವರೇ ನನ್ನನ್ನು ಬಿಂದುವಿನ ಕೈಗಿಟ್ಟರು. "ಇದು ದೊಡ್ಡೋರಿಗೆ ಚಿಕ್ಕದು. ನೀನೇ ಮಡಿಕ್ಕೊ ಕಣವ್ವ."

ನಾನು ಬೆಚ್ಚಿಬಿದ್ದೆ. ಗೆದ್ದ ಮನೆಯವರೂ ಮಕ್ಕಳನ್ನು ಹೊರಗಟ್ಟುತ್ತಾರೆಯೇ?

ಊರಿನ ಇನ್ನೊಂದು ತುದಿಯಲ್ಲಿ, ಪಿ.ಟಿ. ಟೀಚರಾಗಿ ನಿವೃತ್ತರಾದ ಲಿಲ್ಲಿ ಮೇಡಂ ಹೊಸ ಕ್ಲಬ್ ತೆರೆದಿದ್ದರು. ಬಿಂದು ಅಲ್ಲಿಗೆ ಸೇರಿದಳು. ಹಿಂದೆಯೇ ಮಿಕ್ಕವರೂ ಒಬ್ಬೊಬ್ಬರಾಗಿ ಬಂದರು. ಆರು ವರ್ಷದಲ್ಲಿ ಅವರ ಕೈಗಳು ಬೆಳೆದವು, ನನ್ನ ಮೈ ಸವೆದು ನುಣುಪಾಯಿತು. ಆದರೂ ಪಂದ್ಯಗಳಿಗೆ ಬಿಂದು ನನ್ನನ್ನು ಬ್ಯಾಗಿನಲ್ಲಿಟ್ಟು ಒಯ್ಯುತ್ತಿದ್ದಳು.

ಹಾಗೆ ಹೋದದ್ದೇ ಬೆಳ್ಳಿಚುಕ್ಕಿಯ ವಿರುದ್ಧದ ಪಂದ್ಯಕ್ಕೆ. ಸೋತರೆ ಅವರು ಮೊದಲ ಡಿವಿಷನ್ನಿನಿಂದ ಕೆಳಗಿಳಿಯಬೇಕು. ಎದುರು ಬೆಂಚು ನೋಡಿ ನನ್ನ ಗಾಳಿಯೇ ಇಳಿಯಿತು. ಆಟಕ್ಕೆ ಐವರು ಬೇಕು, ಜೆರ್ಸಿ ಹಾಕಿದವರು ನಾಲ್ವರೇ! ಇಬ್ಬರು ರೈಲ್ವೆ ಕೆಲಸ ಸಿಕ್ಕಿ ಊರು ಬಿಟ್ಟಿದ್ದರು, ಒಬ್ಬಳು ಬಾಣಂತಿ, ಕ್ಯಾಪ್ಟನ್ ಜಯಶೀಲಾ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಕುರ್ಚಿಯಲ್ಲಿದ್ದಳು. ಅವರ ಜಾಗಕ್ಕೆ ಬೆಳೆದು ಬಂದವರು ಯಾರೂ ಇರಲಿಲ್ಲ. ಹದಿನೈದು ನಿಮಿಷದಲ್ಲಿ ಐದನೆಯವಳು ಬರದಿದ್ದರೆ ಆಡದೆಯೇ ಸೋಲು.

ಜವರಪ್ಪ ನೇರ ನಮ್ಮ ಬೆಂಚಿಗೇ ಬಂದರು.

"ಬಿಂದು, ನೀನು ನಮ್ಮುಡ್ಗಿ ಅಲ್ವೇನವ್ವ? ಇವತ್ತೊಂದಿನ ಈ ಕಡೆ ನಿಂತ್ಕೊ."

ಬಿಂದು ಬಾಯಿ ಬಿಟ್ಟುಕೊಂಡು ನೋಡಿದಳು. "ಬರಕಾಗಕಿಲ್ಲ ಸಾ. ನನ್ನ ಹೆಸರು ಈ ಕ್ಲಬ್ಬಿನ ಪಟ್ಟೀಲದೆ."

ಹಿಂದಿನಿಂದ ರತ್ನಮ್ಮ ಅಂದಳು: "ಆರು ವರ್ಸ ಲೇಟಾಗಿ ಕರೀತಿದ್ದೀರಲ್ಲ ಸಾ!"

ಹದಿನಾಲ್ಕನೇ ನಿಮಿಷಕ್ಕೆ ಜಯಶೀಲಾ ಎದ್ದಳು. "ನನ್ನ ಹೆಸ್ರು ಬರ್ಕೊಳಿ. ಆಡ್ದೆ ಸೋಲದು ಬ್ಯಾಡ." ಒಂದೇ ಕಾಲಿನ ಮೇಲೆ ಭಾರ ಹಾಕಿ, ಹಲ್ಲು ಕಚ್ಚಿ ಕೊನೆಯ ಸೀಟಿಯವರೆಗೂ ನಿಂತಳು. ಎಪ್ಪತ್ತೊಂದು–ಹತ್ತೊಂಬತ್ತು. ಗೆದ್ದ ನಮ್ಮ ಹುಡುಗಿಯರಲ್ಲಿ ಒಬ್ಬರೂ ಕೂಗಲಿಲ್ಲ.

ಈಗ ನನ್ನಲ್ಲಿ ಗಾಳಿ ನಿಲ್ಲುವುದಿಲ್ಲ. ಲಿಲ್ಲಿ ಮೇಡಂ ಅವರ ಕೋರ್ಟಿನ ಮೂಲೆಯಲ್ಲಿ ಬಿದ್ದಿದ್ದೇನೆ. ಆಟಗಾರ್ತಿಯರು ದೊಡ್ಡವರಾಗಿಯೇ ಹುಟ್ಟುತ್ತಾರೆಂದು ಬೆಳ್ಳಿಚುಕ್ಕಿಯ ಜನ ಹೇಗೆ ನಂಬಿದರೋ, ಎಷ್ಟು ಯೋಚಿಸಿದರೂ ತಿಳಿಯುವುದಿಲ್ಲ.

ಮೊನ್ನೆ ಬೆಳಿಗ್ಗೆ ಗೇಟಿನ ಬಳಿ ಪರಿಚಯದ ಚಪ್ಪಲಿ ಕಂಡಿತು. ಜವರಪ್ಪ! ಪಕ್ಕದಲ್ಲಿ ಅವರ ಎಂಟು ವರ್ಷದ ಮಗಳು.

"ಇವಳನ್ನೂ ಸೇರಿಸ್ಕೊಳ್ಳಿ ಮೇಡಂ," ಎಂದರು ತಲೆ ತಗ್ಗಿಸಿ. "ನಮ್ ಕ್ಲಬ್ಬಲ್ಲಿ ಮಕ್ಕಳ ಬ್ಯಾಚಿಲ್ಲ."