ಕಂಬಳದ ದಿನ ಮಲಗಿದವಳು

ಚೌತಿಗೆ ಎರಡೇ ದಿನ ಇರುವಾಗ ಭೈರುಂಬೆ ಕಡೆಯ ಹೆಂಗಸೊಬ್ಬಳು ಹಾಡಹಗಲೇ ಮಂಚದ ಮೇಲೆ ಮಲಗಿದ್ದಾಳೆಂದರೆ ಊರಿಗೆ ಅದು ಸುದ್ದಿಯೇ. ಗಂಗಾಂಬಿಕಾ ಮಲಗಿದ್ದಳು. ಅದೂ ತನ್ನದೇ ಮನೆಯ ಚಕ್ಕುಲಿ ಕಂಬಳದ ದಿನ.

ಈ ಕಂಬಳದಲ್ಲಿ ಕೋಣ ಓಡುವುದಿಲ್ಲ. ಚೌತಿಗೆ ಮುಂಚೆ ಊರವರು ದಿನಕ್ಕೊಂದು ಮನೆಯಲ್ಲಿ ಸೇರಿ ಆ ಮನೆಯ ಚಕ್ಕುಲಿಯನ್ನೆಲ್ಲ ಕೈಯಲ್ಲೇ ಸುತ್ತಿಕೊಟ್ಟು ಬರುವುದು ಪದ್ಧತಿ. ಗಂಡಸರು ಸಾಲಾಗಿ ಕೂತು ಸುತ್ತುತ್ತಾರೆ, ಸುತ್ತುತ್ತ ಸರಕಾರವನ್ನು ಬೈಯುತ್ತಾರೆ, ಆಮೇಲೆ ಯಾರ ಸುತ್ತು ಚಂದ ಎಂದು ವರ್ಷವಿಡೀ ಹೊಗಳಿಸಿಕೊಳ್ಳುತ್ತಾರೆ. ಅಕ್ಕಿ ತೊಳೆದು ಒಣಗಿಸುವುದು, ಉದ್ದು ಹುರಿಯುವುದು, ಹಿಟ್ಟು ಮಾಡಿಸಿ ನಾದುವುದು, ಕಾದ ಎಣ್ಣೆಯೆದುರು ಬೇಯುವುದು, ನಡುನಡುವೆ ಚಾ, ಕಡೆಗೆ ಅಷ್ಟೂ ಜನರಿಗೆ ಊಟ ಇವೆಲ್ಲ ತಾವಾಗಿಯೇ ಆಗುತ್ತವೆಂದು ಆ ಸಾಲಿನವರ ನಂಬಿಕೆ. ಗಂಗಾಂಬಿಕಾಳ ಗಂಡ ಶಾಂತಾರಾಮ ಹೆಗಡೆಯದೂ ಅದೇ ನಂಬಿಕೆ. ಅವನ ಏಳು ಸುತ್ತಿನ ಚಕ್ಕುಲಿಗೆ ಸಿದ್ದಾಪುರದವರೆಗೆ ಹೆಸರಿತ್ತು.

ನಾಲ್ಕು ದಿನದ ಹಿಂದೆ ಪಕ್ಕದ ವಿನೋದನ ಮನೆ ಕಂಬಳದಲ್ಲಿ ಹಿಟ್ಟು ನಾದುತ್ತಿದ್ದ ಗಂಗಾಂಬಿಕಾ ತಲೆ ತಿರುಗಿ ಅಲ್ಲೇ ಒರಗಿದಳು. ಆರೋಗ್ಯ ಉಪಕೇಂದ್ರದಿಂದ ದಿವ್ಯಾ ಓಡಿಬಂದಳು. ಬನವಾಸಿ ಕಡೆಯ ಹುಡುಗಿ, ನರ್ಸು, ಮಾತಿನಲ್ಲಿ ಎಷ್ಟು ಮರ್ಯಾದೆಯೋ ಅಷ್ಟೇ ಖಡಕ್ಕು. ಬೀಪಿ ನೋಡಿ, ದೊಡ್ಡ ಡಾಕ್ಟರಿಗೆ ಫೋನು ಹಚ್ಚಿ, ಗುಳಿಗೆ ಕೊಟ್ಟು ಹೇಳಿದಳು: "ಅಕ್ಕಾರ, ನೂರಾ ಎಂಬತ್ತು ಐತ್ರಿ. ಗುರುವಾರದ ತನ ಸುಮ್ನ ಮಲ್ಕೊಂಡಿರ್ರಿ. ಅವತ್ತ ಸಂಜಿಗೆ ಬಂದು ನೋಡ್ತೀನಿ. ಇಳಿದಿಲ್ಲಂದ್ರ ನಿಮ್ಮ ಚೌತಿ ಶಿರಸಿ ದವಾಖಾನಿಯೊಳಗ ನೋಡ್ರಿ."

ಗಂಗಾಂಬಿಕಾಗೆ ನಿಜಕ್ಕೂ ಹೆದರಿಕೆಯಾಯಿತು. ಅವಳನ್ನು ಹೆತ್ತ ಆಯಿ ಹೋದದ್ದೂ ಇಂಥದೇ ಹಬ್ಬದಲ್ಲಿ. ಚೌತಿಯ ಮರುದಿನ ಪಾತ್ರೆ ತೊಳೆಯುತ್ತಿದ್ದವಳು ತಲೆಸುತ್ತು ಎಂದು ಕೂತಳು, ಮತ್ತೆ ಏಳಲಿಲ್ಲ. ಆಗ ಆಯಿಗೆ ಐವತ್ತನಾಲ್ಕು. ಈಗ ಗಂಗಾಂಬಿಕಾಗೂ ಐವತ್ತನಾಲ್ಕೇ.

ಆದರೂ ಮಲಗುವುದು ಅಷ್ಟು ಸುಲಭವೇ? ಮೊದಲ ಎರಡು ದಿನ ಊರಿಗೆ ಊರೇ ಅವಳನ್ನು ನೋಡಲು ಬಂತು. ಒಬ್ಬೊಬ್ಬರದೂ ಒಂದೊಂದು ಕಷಾಯ, ಒಂದೊಂದು ಉಪದೇಶ. "ಯಾವುದಕ್ಕೂ ಏಳಡ ಮಾರಾಯ್ತಿ" ಎಂದವರಿಗೆಲ್ಲ ಅವಳೇ ಎದ್ದು ಚಾ ಮಾಡಿಕೊಟ್ಟಳು. ಮೂರನೆಯ ದಿನ ಲೆಕ್ಕ ಹಾಕಿದರೆ, ವಿಶ್ರಾಂತಿ ಶುರುವಾದ ಮೇಲೆ ಕೆಲಸ ಒಂದೂವರೆ ಪಟ್ಟಾಗಿತ್ತು. ಸಾಕು ಎನಿಸಿತು ಅವಳಿಗೆ. ಇನ್ನು ಆಕಾಶವೇ ಕಳಚಿ ಬಿದ್ದರೂ ಮಂಚ ಬಿಡುವುದಿಲ್ಲವೆಂದು ಹಟ ಹಿಡಿದಳು.

ಗುರುವಾರ ಬಂತು. ಕಂಬಳಕ್ಕೆ ಮೂವತ್ತು ಜನ ಬಂದರು. ಆಚೆಮನೆಯ ಮಾದೇವತ್ತೆ, ಎಪ್ಪತ್ತಾರರ ಮುದುಕಿ, ವಾಡಿಕೆಯಂತೆ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಹೊರಟಳು. ಉಳಿದ ಹೆಂಗಸರೂ ಹಿಂದೆ ಹೊರಟರು. ಶಾಂತಾರಾಮ ಅಡ್ಡ ಬಂದ.

"ನಿಂಗ ಯಾರೂ ಒಳಗೆ ಬರಡಿ. ಇವತ್ತು ಆನೇ ನೋಡ್ಕಂಬದು. ಅದ್ರಲ್ಲಿ ಎಂತಾ ಇದ್ದು?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಡಸೊಬ್ಬ ತಾನೇ ನೋಡಿಕೊಳ್ಳುತ್ತೇನೆನ್ನುವ ಇಂಥ ಮಾತು ಜನ್ಮದಲ್ಲಿ ಇನ್ನೊಮ್ಮೆ ಕೇಳಸಿಗುವುದಿಲ್ಲ. ಅವನು ಮನಸ್ಸು ಬದಲಿಸುವ ಮೊದಲೇ ಹೊರಗೆ ಹೋಗಿ, ಚಾಪೆ ಎಳೆದುಕೊಂಡು, ಗಂಡಸರ ನಡುವೆಯೇ ಜಾಗ ಮಾಡಿಕೊಂಡು ಕೂತುಬಿಟ್ಟರು.

ಗಂಗಾಂಬಿಕಾ ಒಳಕೋಣೆಯಲ್ಲಿ ಕಣ್ಣು ಮುಚ್ಚಿದಳು. ಅಡುಗೆಮನೆಗೂ ಅವಳಿಗೂ ನಡುವೆ ಇದ್ದದ್ದು ಒಂದು ಗೋಡೆ ಮಾತ್ರ.

"ಗಂಗಾ, ಎಳ್ಳು ಎಲ್ಲಿದ್ದು?"

ಅವಳು ಉಸಿರೆತ್ತಲಿಲ್ಲ.

"ಗಂಗಾ, ಹಿಟ್ಟು ಕೈಗೆ ಅಂಟ್ತಾ ಇದ್ದಲೇ!"

ನೀರು ಹೆಚ್ಚಾಗಿದೆ, ಹೆಡ್ಡ ಮನುಷ್ಯ, ಎಂದು ಅವಳ ನಾಲಿಗೆ ತುದಿಗೆ ಬಂತು. ತುಟಿ ಕಚ್ಚಿಕೊಂಡಳು.

"ನೀ ಏಳಡ, ಮಲಗಿದಲ್ಲಿಂದನೇ ಹೇಳು ಸಾಕು. ಬೆಣ್ಣೆ ಎಷ್ಟು?"

ಅವಳ ಬಲಗಾಲು ತನ್ನಷ್ಟಕ್ಕೆ ತಾನೇ ಮಂಚದಿಂದ ಇಳಿದು ನೆಲ ಮುಟ್ಟಿತು. ಅದನ್ನು ಮೇಲೆಳೆದುಕೊಂಡರೆ ಎಡಗಾಲು ಇಳಿಯಿತು. ಕಡೆಗೆ ಎರಡೂ ಕೈಯಲ್ಲಿ ಮಂಚದ ಪಟ್ಟಿ ಹಿಡಿದು ಮಲಗಿದಳು, ಘಟ್ಟ ಇಳಿಯುವ ಬಸ್ಸಿನಲ್ಲಿ ಕೂತವಳ ಹಾಗೆ. ಮೂವತ್ತೊಂದು ವರ್ಷ ಆಳಿದ ಅಡುಗೆಮನೆ ಹಾಳಾಗುವುದನ್ನು ಕೇಳಿಸಿಕೊಂಡು ಸುಮ್ಮನಿರುವುದಕ್ಕಿಂತ ನೂರು ಸೇರು ಹಿಟ್ಟು ನಾದುವುದು ಹಗುರ. ಸ್ವಲ್ಪ ಹೊತ್ತಿಗೆ ಸೀದ ವಾಸನೆ ಬಂತು. ಎದೆ ಡವಡವ ಎಂದಿತು. ಕಣ್ಣೆದುರು ಆಯಿಯ ಮುಖ ಬಂತು. ಸುಡಲಿ, ಚಕ್ಕುಲಿ ತಾನೇ, ಎಂದುಕೊಂಡಳು.

ಹೊರಗಿನಿಂದ ಯಾರೋ ಕೂಗಿದರು: "ಶಾಂತಣ್ಣ, ಚಾ ಎಲ್ಲೋ? ಗಂಟೆ ಹನ್ನೊಂದಾತು!"

ಒಳಗೆ ಏನೋ ಧಡಾರನೆ ಬಿತ್ತು. ಆಮೇಲೆ ಶಾಂತಾರಾಮನ ಗಂಟಲು ಮನೆ ಹಾರಿಹೋಗುವಂತೆ ಕೇಳಿತು: "ಚಾ ಬೇಕಾದವ್ವು ಬಂದು ಮಾಡ್ಕಳಿ! ಯಂಗೆ ಇಪ್ಪದು ಎರಡೇ ಕೈ!"

ಗಂಗಾಂಬಿಕಾ ಕಂಬಳಿ ಮುಸುಕೆಳೆದು ನಕ್ಕಳು. ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ದಣಿದು, ಯಾವಾಗ ಎಂದು ಅವಳಿಗೇ ತಿಳಿಯದಂತೆ ನಿದ್ದೆಹೋದಳು.

ಸಂಜೆ ಎಚ್ಚರಾದಾಗ ದಿವ್ಯಾ ತೋಳಿಗೆ ಬೀಪಿ ಪಟ್ಟಿ ಸುತ್ತುತ್ತಿದ್ದಳು. ಕಂಬಳದವರು ಬಾಗಿಲಲ್ಲಿ ಮುತ್ತಿಕೊಂಡಿದ್ದರು. ಗಂಗಾಂಬಿಕಾ ದೇವರನ್ನು ನೆನೆದಳು. ಮಶಿನ್ನು ಬುಸುಗುಟ್ಟಿ ನಿಂತಿತು.

"ಭೇಷ್ ಅಕ್ಕಾರ! ನೂರಾ ಮೂವತ್ತಾರು. ಹಬ್ಬ ಮನಿಯಾಗ ಮಾಡ್ರಿ."

ಗಂಗಾಂಬಿಕಾಗೆ ಅಳು ಬಂತು. ಬದುಕಿದೆ ಎನಿಸಿತು.

ಅಷ್ಟರಲ್ಲಿ ಶಾಂತಾರಾಮ ಬಂದ. ಮೊಣಕೈವರೆಗೆ ಹಿಟ್ಟು, ಹುಬ್ಬಿನ ಮೇಲೆ ಎಣ್ಣೆ ಸಿಡಿದ ಗುಳ್ಳೆ. "ಬೀಪಿ ಇಳತ್ತಾ?" ಎಂದವನು ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಅಣ್ಣಾರ, ಮುಖ ಯಾಕ ಹಿಂಗ ಕೆಂಪಾಗೈತಿ? ಕುಂದರ್ರಿ ಇಲ್ಲೆ," ಎಂದು ದಿವ್ಯಾ ಅವನ ತೋಳಿಗೇ ಪಟ್ಟಿ ಸುತ್ತಿದಳು. ನೋಡಿದಳು. ಐದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿದಳು. "ನೂರಾ ಅರವತ್ತನಾಲ್ಕು! ಮೊದಲಿಂದ ಐತೇನ್ರಿ?"

"ಇಲ್ಲೆ ಮಾರಾಯ್ತಿ. ಹೋದ ತಿಂಗಳು ಸೊಸೈಟಿ ಕ್ಯಾಂಪಿಲಿ ನೋಡಿದ್ವಲೇ, ಸಮಾ ಇತ್ತು. ಇವತ್ತು ಒಂದೇ ದಿನ..."

ಬಾಗಿಲಲ್ಲಿದ್ದ ಗಂಡಸರೆಲ್ಲ ಹೋ ಎಂದು ನಕ್ಕರು. ಶಾಂತಾರಾಮನೂ ನಕ್ಕ. ಗಂಗಾಂಬಿಕಾ ಮಾತ್ರ ನಗಲಿಲ್ಲ.

"ನಿಂಗಕ್ಕೆ ಒಂದೇ ದಿನ," ಎಂದಳು. "ಯಂಗೆ ಮೂವತ್ತೊಂದು ಚೌತಿ ಆತು."

ನಗು ನಿಂತಿತು. ಶಾಂತಾರಾಮ ತನ್ನ ಹಿಟ್ಟು ಮೆತ್ತಿದ ಕೈಗಳನ್ನು ನೋಡಿಕೊಂಡ.

ಆಗ ಮಾದೇವತ್ತೆ ಜನರನ್ನು ಸರಿಸಿಕೊಂಡು ಬಂದಳು. ಮಂಚದ ತುದಿಯಲ್ಲಿ ಕೂತು, ಒಣಕಲು ತೋಳನ್ನು ದಿವ್ಯಾಳ ಮುಂದೆ ಚಾಚಿದಳು.

"ಯಂದೂ ಒಂದು ನೋಡೇ ತಂಗಿ. ಇಷ್ಟು ವರ್ಷ ಯಾರೂ ನೋಡಿದ್ದಿಲ್ಲೆ."

ಅವಳ ಹಿಂದೆ ಇನ್ನೊಬ್ಬಳು ಬಂದು ನಿಂತಳು. ಅವಳ ಹಿಂದೆ ಮತ್ತೊಬ್ಬಳು. ನೋಡನೋಡುತ್ತ ಹೆಂಗಸರ ಸಾಲು ಕೋಣೆ ದಾಟಿ ಹೊರಗಿನವರೆಗೆ ಬೆಳೆಯಿತು. ಒಲೆಯ ಮೇಲೆ ಬಾಣಲೆ ಹಾಗೇ ಕಾಯುತ್ತಿತ್ತು, ಸುತ್ತಿಟ್ಟ ಚಕ್ಕುಲಿ ಇನ್ನೂ ಅರ್ಧ ಉಳಿದಿತ್ತು, ರಾತ್ರಿಯ ಅಡುಗೆಗೆ ಅಕ್ಕಿ ಸಹ ತೊಳೆದಿರಲಿಲ್ಲ.

"ಒಲೆ ಹತ್ರ ಯಾರಿದ್ದ?" ಎಂದು ವಿನೋದ ಕೇಳಿದ.

ಸಾಲಿನಲ್ಲಿ ನಿಂತ ಯಾರೂ ತಿರುಗಿ ಸಹ ನೋಡಲಿಲ್ಲ. ಸ್ವಲ್ಪ ಹೊತ್ತು ಕಾದು, ಗಂಡಸರೇ ಒಬ್ಬೊಬ್ಬರಾಗಿ ಅಡುಗೆಮನೆಗೆ ಹೋದರು.