ಟ್ಯಾಂಕಿನ ಉಪವಾಸ

ಗುಂಡಮ್ಮನಿಗೆ ಗ್ಯಾಸ್ ಕನೆಕ್ಷನ್ ಇರಲಿಲ್ಲ. ಕೂಕಟ್‌ಪಲ್ಲಿಯಲ್ಲಿ ಒಂಬತ್ತು ವರ್ಷ ರೊಟ್ಟಿ ಬಡಿದಿದ್ದರೂ ಅವಳು ಅಲ್ಲಿದ್ದಾಳೆ ಎಂದು ಹೇಳುವ ಒಂದು ಕಾಗದವೂ ಇರಲಿಲ್ಲ. ಸಾಫ್ಟ್‌ವೇರ್ ಕಂಪನಿಗಳ ಕಟ್ಟಡಕ್ಕೆ ಇಟ್ಟಿಗೆ ಹೊರುವ ರಾಯಚೂರು, ಯಾದಗಿರಿಯ ಮಂದಿ ಅವಳ ಖಾನಾವಳಿಯಲ್ಲಿ ಉಣ್ಣುತ್ತಿದ್ದರು. ಒಲೆ ಕಟ್ಟಿಗೆಯದು. ಹೊಗೆ ನೇರ ಪಕ್ಕದ ಹೊಸ ಅಪಾರ್ಟ್‌ಮೆಂಟಿಗೆ ಹೋಗುತ್ತಿತ್ತು. ಖಾನಾವಳಿಯ ಶೆಡ್ ಇದ್ದ ಜಾಗವೂ ಅಪಾರ್ಟ್‌ಮೆಂಟ್ ಸಂಘದ್ದೇ.

ಸಂಘದ ಕಾರ್ಯದರ್ಶಿ ವಾಸಂತಿ ಮೈಸೂರಿನವರು. ಬಾಗಿಲಲ್ಲೇ ನಿಂತು ಹೇಳಿದರು: "ನೋಡಮ್ಮ, ಎರಡು ತಿಂಗಳು ಬಿಟ್ಟು ಒಂದನೇ ತಾರೀಖು ಬರ್ತೀನಿ. ಆಗ್ಲೂ ಕಟ್ಟಿಗೆ ಉರೀತಿದ್ರೆ ಶೆಡ್ ಖಾಲಿ ಮಾಡ್ಬೇಕು."

ಅಲ್ಲಿ ಊಟಕ್ಕೆ ಬರುತ್ತಿದ್ದ ಭೀಮಾಶಂಕರ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಅವನು ಎರಡು ಹಳೆಯ ನೀರಿನ ಟ್ಯಾಂಕ್ ತಂದ. ದೊಡ್ಡದರಲ್ಲಿ ಎಮ್ಮೆ ಸಗಣಿ ಕಲಸಿ ತುಂಬಿ, ಚಿಕ್ಕದನ್ನು ಅದರೊಳಗೆ ಬೋರಲು ಹಾಕಿ, ಒಂದು ಹಳೆಯ ಗ್ಯಾಸ್ ಒಲೆಗೆ ಪೈಪು ಎಳೆದ.

"ಯಕ್ಕಾ, ಒಳಗ ಕಣ್ಣಿಗೆ ಕಾಣದ ಹುಳ ಅದಾವು. ಮುಸುರಿ ತಿಂದು ಗ್ಯಾಸ್ ಬಿಡ್ತಾವು. ಗ್ಯಾಸ್ ತುಂಬಿದ್ರ ಮ್ಯಾಲಿನ ಟ್ಯಾಂಕ್ ಏಳ್ತೈತಿ. ದಿನಕ್ಕ ಒಂದ ಬಕೆಟ್ ಹಾಕ್ರಿ."

"ನನ್ನ ಮಂದಿ ತಾಟಿನ್ಯಾಗ ಏನ್ ಬಿಡ್ತಾರೋ ತಮ್ಮಾ? ಮೆಣಸಿನಕಾಯಿ ತೊಟ್ಟು."

ಮುಸುರೆ ಶೆಡ್ಡಿನ ಹಿಂದಿದ್ದ ಹಾಸ್ಟೆಲಿನಿಂದ ಬಂತು. ಅಲ್ಲಿಯ ಸಾಫ್ಟ್‌ವೇರ್ ಹುಡುಗರು ಅರ್ಧ ಉಂಡು ಅರ್ಧ ಚೆಲ್ಲುತ್ತಿದ್ದರು. ಮೂವತ್ತನೇ ದಿನ ಮೇಲಿನ ಟ್ಯಾಂಕ್ ಒಂದು ಗೇಣು ಎದ್ದಿತು. ಉಣ್ಣುತ್ತಿದ್ದವರೆಲ್ಲ ಎಂಜಲು ಕೈಯಲ್ಲೇ ಓಡಿಬಂದರು.

"ದಿನ ತುಂಬ್ಯಾವ ನೋಡ," ಎಂದ ಗಾರೆ ಕೆಲಸದ ತಾಯಪ್ಪ.

ಉಣ್ಣುವವರಿಗೆ ಇನ್ನೊಂದು ರೊಟ್ಟಿ ಒತ್ತಾಯ ಮಾಡಿ ಹಾಕದೆ ಇರಲು ಗುಂಡಮ್ಮನಿಗೆ ಗೊತ್ತಿಲ್ಲ. ಭೀಮಾಶಂಕರ ಶಿಫ್ಟಿಗೆ ಹೋದಾಗ ದಿನಕ್ಕೆ ಮೂರು ಬಕೆಟ್ ಸುರಿಯತೊಡಗಿದಳು. ಒಂದನೇ ತಾರೀಖಿಗೆ ಹದಿನೈದು ದಿನವಿರುವಾಗ ಭೀಮಾಶಂಕರ ಉರಿಯದ ಮೊದಲ ಗ್ಯಾಸನ್ನು ಹೊರಗೆ ಬಿಟ್ಟ. ಕುಸಿದ ಟ್ಯಾಂಕ್ ಮತ್ತೆ ಏಳಲೇ ಇಲ್ಲ. ಹುಳಿ ನಾತ ಬಂತು.

"ಎಷ್ಟ್ ಹಾಕೀರಿ ಯಕ್ಕಾ?"

"ಮೂರು. ಬಂದವ್ರಿಗೆ ಅರೆಹೊಟ್ಟಿ ಹಾಕೂದೇನೋ?"

"ಅಜೀರ್ಣ ಆಗೈತಿ. ಇನ್ನ ಉಪವಾಸ ಇಡಬೇಕ್ರಿ."

ಹುಳಿ ಮುರಿಯಲು ಸುಣ್ಣ ಬೇಕಿತ್ತು. ಎಲೆ-ಅಡಿಕೆಗೆಂದು ಬೇಗಂ ಬಜಾರಿನಿಂದ ತಂದಿಟ್ಟಿದ್ದ ಎರಡು ಕಿಲೋ ಸುಣ್ಣವನ್ನು ಗುಂಡಮ್ಮ ಕದಡಿ ಸುರಿದಳು. ಆಮೇಲೆ ದಿನಾ ಸಂಜೆ ಬಕೆಟ್ ಹಿಡಿದು ಟ್ಯಾಂಕಿನ ಹತ್ತಿರ ಹೋಗುವಳು, ಹಾಗೇ ವಾಪಸು ಬರುವಳು. ಹತ್ತನೇ ದಿನ ಟ್ಯಾಂಕ್ ನಾಲ್ಕು ಬೆರಳು ಎದ್ದಿತು. ಹದಿನಾಲ್ಕನೇ ದಿನ ಒಂದೂವರೆ ಗೇಣು. ಆ ದಿನ ಅವಳು ಯಾರಿಂದಲೂ ಊಟದ ದುಡ್ಡು ಕೇಳುವುದನ್ನೇ ಮರೆತಳು.

ಒಂದನೇ ತಾರೀಖು ಬೆಳಿಗ್ಗೆ ವಾಸಂತಿ ಬಂದರು. ಭೀಮಾಶಂಕರ ನಲ್ಲಿ ತಿರುಗಿಸಿದ, ಗುಂಡಮ್ಮ ಕಡ್ಡಿ ಗೀರಿದಳು. ಬಿಸಿಲಿನಲ್ಲಿ ಏನೂ ಕಾಣಲಿಲ್ಲ.

"ಹತ್ತಲಿಲ್ಲವಲ್ಲಮ್ಮ," ಎಂದರು ವಾಸಂತಿ.

ಗುಂಡಮ್ಮ ಒಲೆಯ ಮೇಲೆ ಅಂಗೈ ಹಿಡಿದು ಚಟ್ಟನೆ ಹಿಂದೆಗೆದಳು. "ಹತ್ತೈತ್ರಿ ಬಾಯಾರ."

ಒಲೆಯ ಮೇಲೆ ಹಂಚು ಇಟ್ಟು ರೊಟ್ಟಿ ಹಾಕಿದಳು. ಹಂಚಿನ ನೆರಳಲ್ಲಿ ನೀಲಿ ಉರಿ ಕಂಡಿತು. ಎಲ್ಲರೂ ಬಗ್ಗಿದರು, ವಾಸಂತಿಯೂ ಸೆರಗು ಸೇರಿಸಿಕೊಂಡು ಕುಕ್ಕರಗಾಲಲ್ಲಿ ಕುಳಿತರು. ರೊಟ್ಟಿ ಕರಕಾಯಿತು. ಗುಂಡಮ್ಮ ಇನ್ನೊಂದು ಹಾಕಿ ಮತ್ತೆ ಬಗ್ಗಿದಳು. ಅದೂ ಕರಕಾಯಿತು.

"ಹೊಗೆ ಬರ್ತಿದೆ," ಎಂದರು ವಾಸಂತಿ.

"ಅದು ಒಲೀದಲ್ರಿ, ರೊಟ್ಟೀದು."

ಮೂರನೆಯದು ಉಬ್ಬಿತು. ವಾಸಂತಿ ನಿಂತೇ ತಿಂದರು. "ಶೆಡ್ ಇರ್ಲಿ. ನಮ್ಮ ಬಿಲ್ಡಿಂಗಿನ ಮುಸುರೇನೂ ಇಲ್ಲಿಗೇ ಕಳಿಸ್ತೀನಿ."

"ದಿನಕ್ಕ ಒಂದ ಬಕೆಟ್ರಿ. ಮ್ಯಾಲ ಒಂದ ತುತ್ತೂ ಬ್ಯಾಡ," ಎಂದಳು ಗುಂಡಮ್ಮ.

ಒಟ್ಟು ಹಾಳಾದದ್ದು ಎರಡು ಕಿಲೋ ಸುಣ್ಣ, ಹದಿನಾಲ್ಕು ದಿನದ ಗ್ಯಾಸ್, ಎರಡು ರೊಟ್ಟಿ.